ಕುಂದಗೋಳದ ನಾಡಿಗೇರ ವಾಡೆ: ರಾತ್ರಿಯಿಡೀ ಕಂಬಕ್ಕ ಆನಿಕೊಂಡು ಕುಂತವನ ರಿವ್ಯೂ

ಮೊದಲ ಒಂದು ಮಾತು ಹೇಳಿಬಿಡ್ತೀನಿ, ಆಮ್ಯಾಲೆ ಬೈಬ್ಯಾಡ್ರಿ. ಇಲ್ಲೆ ಟಿಕೆಟ್ ಕೌಂಟರ್ ಹುಡುಕಬ್ಯಾಡ್ರಿ, ಆಡಿಯೋ ಗೈಡ್ ಕೇಳಬ್ಯಾಡ್ರಿ, ಹೊರಗ ಬರೂ ದಾರಿಯೊಳಗ ಕೀಚೈನ್ ಮಾರೂ ಅಂಗಡೀನೂ ಇಲ್ಲ. ವಾಡೆ ಅಂದ್ರ ದೊಡ್ಡ ಮನಿ, ಇದು ನಾಡಿಗೇರ ಅನ್ನೂ ಮನೆತನದ್ದು. ವರ್ಷಕ್ಕೊಮ್ಮೆ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿ ನೆನಪಿಗೆ ಇಲ್ಲೆ ಸಂಗೀತೋತ್ಸವ ಆಗತೈತಿ, ಆವಾಗ ಬಾಗಲ ತಗದಿರ್ತದ, ನೀವು ಚಪ್ಪಲಿ ಬಿಟ್ಟು ಒಳಗ ಹೋಗಿ ಜಮಖಾನಿ ಮ್ಯಾಲೆ ಕೂಡೂದು, ಅಷ್ಟ. ನಾನು ಇದನ್ನ ಹಾಡಿನ ರಿವ್ಯೂ ಅಂತ ಬರೀಲಿಕ್ಕತ್ತಿಲ್ಲ, ಹಾಡಿನ ಬಗ್ಗೆ ಬರಿಯೂ ಅಷ್ಟು ಶಾಣ್ಯಾ ನಾನಲ್ಲ. ಹಳೇ ಮನಿ ಉಳಿಸೂದು ಹೆಂಗ ಅನ್ನೂ ತಲಿಬ್ಯಾನಿ ಇದ್ದವರಿಗೆ ಬರೀಲಿಕ್ಕತ್ತೀನಿ, ಯಾಕಂದ್ರ ನಮ್ಮ ಮನಿಯೊಳಗ ಆ ತಲಿಬ್ಯಾನಿ ಇದ್ದವರು ಒಬ್ರು ಅದಾರ, ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಬಡಿಗ್ಯಾರ ಕೆಲಸ ಮಾಡಿದವ್ರು. ಈಗ ಮೊಣಕಾಲ ನೋವಂತ ಉಳಿ ಕೆಳಗ ಇಟ್ಟಾರ, ಆದ್ರ ಯಾರ ಮನಿಗೆ ಹೋದ್ರೂ ಮೊದಲ ಬಾಗಲ ಚೌಕಟ್ಟು ನೋಡ್ತಾರ, ಆಮ್ಯಾಲೆ ಮನಿಯವರ ಮುಖ. ಒಮ್ಮೆ ಬೀಗರ ಮನಿ ನಿಶ್ಚಯದಾಗ ಎಲ್ಲಾರೂ ಮಾತುಕತಿ ಮಾಡ್ಲಿಕ್ಕತ್ತಿದ್ರ ಇವ್ರು ಎದ್ದು ಹೋಗಿ ಕಪಾಟಿನ ಪ್ಲೈವುಡ್ ಬಡದು ನೋಡಿ "ಇದು ಎರಡು ಮಳಿಗಾಲ" ಅಂದುಬಿಟ್ಟಿದ್ರು. ಅಂಥವರನ್ನ ರಾತ್ರಿಯಿಡೀ ಖಯಾಲ್, ಅಂದ್ರ ಹಿಂದೂಸ್ತಾನಿ ಹಾಡು, ಕೇಳಾಕ ಕರಕೊಂಡು ಹೊಂಟೀನಿ ಅಂದ್ರ ನಮ್ಮ ಅವ್ವ ನಕ್ಕಳು. "ಅವ್ರು ಅಲ್ಲೆ ಕಂಬ ಎಣಿಸ್ಕೋತ ಕೂಡ್ತಾರ ನೋಡು" ಅಂದಳು. ಹಂಗ ಆತು.

ಹುಬ್ಬಳ್ಳಿಯಿಂದ ಕುಂದಗೋಳ 20 ಕಿಲೋಮೀಟರ್ ಆಸುಪಾಸು. ಬಸ್ ಬೇಕಾದಷ್ಟು ಅದಾವು, ಆದ್ರೂ ನಾನು ಹಟ ಮಾಡಿ ಪ್ಯಾಸೆಂಜರ್ ರೈಲಿಗೆ ಕರಕೊಂಡು ಹೋದೆ. ಕಾರಣ ಏನಂದ್ರ ಗಾಯಕಿ ಗಂಗೂಬಾಯಿ ಹಾನಗಲ್ ಅವ್ರು ಹುಬ್ಬಳ್ಳಿಯಿಂದ ಇದ ದಾರಿಯೊಳಗ ರೈಲಿಗೆ ಹೋಗಿ ಸವಾಯಿ ಗಂಧರ್ವರ ಕಡೆ ಕಲತು ಬರ್ತಿದ್ರು. ಮನಿ ಮಕ್ಕಳು ಎಲ್ಲಾ ಸಂಭಾಳಿಸಿ, ರೈಲ್ ಹತ್ತಿ, ಗುರುಗಳ ಮುಂದ ಕುಂತು ತಾಲೀಮು ಮಾಡಿ, ತಿರುಗಿ ಮನಿಗೆ. ನಾವು ಈಗ ಚನ್ನಮ್ಮ ಸರ್ಕಲ್‌ನಿಂದ ವಿದ್ಯಾನಗರಕ್ಕ ಹೋಗೂದ ದೊಡ್ಡ ಸಾಹಸ ಅನ್ನೂಹಂಗ ಮಾತಾಡ್ತೀವಿ. ಕಿಟಕಿ ಹೊರಗ ಪೂರಾ ಎರಿ ಭೂಮಿ, ಮಳಿ ಆಗಿ ಎರಡು ದಿನ ಆಗಿತ್ತು, ಮೆಣಸಿನ ಗಿಡ ಹಸಿರಾಗಿ ನಿಂತಿದ್ವು. ಬ್ಯಾಡಗಿ ಮೆಣಸಿನಕಾಯಿ ಅಂತ ಹೆಸರು ಹಾವೇರಿ ಜಿಲ್ಲಾದ್ದಾದ್ರೂ ಅದನ್ನ ಬೆಳಿಯೂದ್ರಾಗ ಈ ಕುಂದಗೋಳ ಸೀಮಿಯವರೇನು ಹಿಂದ ಬಿದ್ದಿಲ್ಲ, ಇದು ವಿಷಯಕ್ಕ ಸಂಬಂಧ ಇಲ್ಲ, ಸುಮ್ನ ಹೇಳಿದೆ.

ಗೊತ್ತಿಲ್ಲದವರಿಗೆ ಒಂದೀಟು ಹಿನ್ನೆಲಿ. ಸವಾಯಿ ಗಂಧರ್ವ ಅಂದ್ರ ರಾಮಭಾವು ಕುಂದಗೋಳಕರ, 1886ರಾಗ ಇದ ಕುಂದಗೋಳದಾಗ ಹುಟ್ಟಿದವ್ರು, ತೀರಿಕೊಂಡಿದ್ದು 1952ರ ಸಪ್ಟೆಂಬರ್ 12ಕ್ಕ. ಕಿರಾಣಾ ಘರಾಣೆ ಅಂದ್ರ ಹಿಂದೂಸ್ತಾನಿ ಹಾಡಿನ ಒಂದು ಪರಂಪರಾ, ಅದರ ಅಬ್ದುಲ್ ಕರೀಂ ಖಾನ್ ಸಾಹೇಬ್ರ ಶಿಷ್ಯ ಇವ್ರು. ಇವರ ಕಡೆ ಕಲತವರು ಗಂಗೂಬಾಯಿ, ಭೀಮಸೇನ ಜೋಶಿ, ಫಿರೋಜ್ ದಸ್ತೂರ್. ಭೀಮಸೇನ ಜೋಶಿಯವ್ರಂತೂ ಗದಗ ಜಿಲ್ಲಾದ ರೋಣದಾಗ ಹುಟ್ಟಿ, ಸಣ್ಣ ವಯಸ್ಸಿನಾಗ ಗುರು ಬೇಕಂತ ಮನಿ ಬಿಟ್ಟು ಉತ್ತರ ಹಿಂದೂಸ್ತಾನ ಎಲ್ಲಾ ತಿರುಗಿ, ಕಡೀಕ ಗುರು ಸಿಕ್ಕಿದ್ದು ತಮ್ಮೂರ ಹತ್ರದ ಕುಂದಗೋಳದಾಗ. ಈ ಊರು ಬ್ರಿಟಿಷರ ಕಾಲದಾಗ ಧಾರವಾಡ ಜಿಲ್ಲಾದ ನಡುವ ಇದ್ರೂ ಜಮಖಂಡಿ ಸಂಸ್ಥಾನಕ್ಕ ಸೇರಿತ್ತು. ನಾಡಿಗೇರ ಮನೆತನದವರು ಸಂಗೀತಗಾರರಿಗೆ ಆಸರಾ ಕೊಟ್ಟವರು, ಅವರ ವಾಡೇದಾಗ ದೊಡ್ಡ ದೊಡ್ಡವರು ಹಾಡ್ಯಾರ. 1953ರಿಂದ ಭೀಮಸೇನ ಜೋಶಿಯವ್ರು ಗುರುಗಳ ಹೆಸರಿಲೆ ಪುಣೆಯೊಳಗ ನಡಸಿದ ಉತ್ಸವ ಈಗ ದೇಶಕ್ಕೆಲ್ಲಾ ಗೊತ್ತು, ಅಲ್ಲೆ ಸಾವಿರಗಟ್ಟಲೆ ಜನ, ದೊಡ್ಡ ಪೆಂಡಾಲ್. ಕುಂದಗೋಳದ್ದು ಅದರ ಮುಂದ ಭಾಳ ಸಣ್ಣದು. ಆದ್ರ ಪುಣೆಯೊಳಗ ಸಿಗದ್ದು ಒಂದು ಇಲ್ಲೆ ಸಿಗತೈತಿ, ಅದು ಮನಿ.

ಬಾಗಲದಾಗ ಒಬ್ರು ಹಿರೇರು ನಿಂತಿದ್ರು, ಪರಿಚಯ ಇಲ್ಲ ಏನಿಲ್ಲ, "ಬರ್ರಿ ಅಜ್ಜಾರ, ಮುಂದ ಜಾಗಾ ಐತಿ, ಒಳಗ ಬರ್ರಿ" ಅಂತ ದೊಡ್ಡಪ್ಪನ ಕೈ ಹಿಡದು ಹೊಸ್ತಿಲ ದಾಟಿಸಿದ್ರು. ಒಳಗ ಕಾಲಿಟ್ಟ ಕೂಡ್ಲೆ ತಂಪು. ಹೊರಗ ಸಪ್ಟೆಂಬರ್ ಧಗಿ, ಒಳಗ ಹಳೇ ಮನಿ ತಂಪು, ಎಸಿಯ ಥಂಡಿ ಅಲ್ಲ, ಕೊಡದ ನೀರಿನ ತಂಪು ಇರ್ತೈತಲ್ಲ ಹಂಗ. ದಪ್ಪ ಗ್ವಾಡಿ, ಕಟಗಿ ಕಂಬ, ಕಂಬಗಳ ನಡುವ ಗಾಯಕರು ಕೂಡೂ ಜಾಗಾ, ಸುತ್ತ ಮೂರೂ ಕಡೆ ಜನ. ನಾನು ಮುಂದ ಹೋಗೂಣು ಅಂದ್ರ ದೊಡ್ಡಪ್ಪ ನಿಂತುಬಿಟ್ರು. ಒಂದು ಕಂಬದ ಮುಂದ. ಬೆರಳ ಮಡಚಿ ಮೆಲ್ಲಕ ಬಡದ್ರು, ಟಕ್ ಟಕ್, ಕಿವಿ ಇಟ್ಟು ಕೇಳಿದ್ರು. ಮತ್ತ ಸ್ವಲ್ಪ ಕೆಳಗ ಬಡದ್ರು. ಪಕ್ಕದಾಗ ಕುಂತಿದ್ದ ಅಕ್ಕಾರೊಬ್ರು ಇವರ ಮುಖ ನೋಡ್ಲಿಕ್ಕತ್ರು. "ಏ ತಮ್ಮಾ, ಗಟ್ಟಿ ಐತಿ ಇದು, ಒಳಗ ಪೊಳ್ಳಾಗಿಲ್ಲ" ಅಂದ್ರು ನನಗ, ಡಾಕ್ಟರ್ ರಿಪೋರ್ಟ್ ಹೇಳಿದಂಗ. ಆ ಅಕ್ಕಾರು ನಕ್ಕೋತ ಸರದು ಜಾಗಾ ಕೊಟ್ರು, ನಾವು ಅದ ಕಂಬದ ಬುಡಕ್ಕ ಕುಂತ್ವಿ.

ಅಲ್ಲೆ ಕುಂತ ಮ್ಯಾಲೆ ನಾನೂ ನೋಡಿದೆ. ಕಂಬದ ಮ್ಯಾಲಿನ ಭಾಗ ಹಳೇ ಕಟಗಿ ಇರೂಹಂಗ ಮಬ್ಬಾಗಿ ಒಣಗಿತ್ತು. ಆದ್ರ ನೆಲದಿಂದ ಒಂದೂವರಿ ಎರಡು ಫೂಟಿನ ಸುತ್ತ ಒಂದು ಪಟ್ಟಿ ನುಣುಪಾಗಿ, ಕರ್ರಗ, ಎಣ್ಣಿ ಹಚ್ಚಿ ತಿಕ್ಕಿದಂಗ ಹೊಳೀತಿತ್ತು. ನಾನು ಪಾಲಿಶ್ ಮಾಡಿರಬೇಕು ಅಂದೆ. ದೊಡ್ಡಪ್ಪ ತಮ್ಮ ಬೆನ್ನು ಅದಕ್ಕ ಹಚ್ಚಿ ತೋರಿಸಿದ್ರು. ಸರಿಯಾಗಿ ಕುಂತವರ ಬೆನ್ನಿನ ಎತ್ತರ. ಎಷ್ಟೋ ವರ್ಷದಿಂದ ಜನ ಆನಿಕೊಂಡು ಆನಿಕೊಂಡು, ಧೋತರ, ಸೀರಿ, ಈಗಿನ ಟೀಶರ್ಟ್ ಎಲ್ಲಾ ತಿಕ್ಕಿ ತಿಕ್ಕಿ ಆದ ಹೊಳಪು ಅದು. "ಇದಕ್ಕ ಯಾವ ವಾರ್ನಿಶ್ ಬರ್ತೈತಿ" ಅಂದ್ರು.

ಈಗ ಇದನ್ನ ಯಾಕ ಇಷ್ಟು ಉದ್ದ ಬರದೆ ಅಂದ್ರ, ಹೋದ ಡಿಸೆಂಬರ್ ಸೂಟಿಯೊಳಗ ನಾವೆಲ್ಲಾ ಕರಾವಳಿ ಕಡೆ ಹೋಗಿದ್ವಿ, ಅಲ್ಲೆ ಸಮುದ್ರದ ಹತ್ರ ಒಂದು ಹಳೇ ಮನಿ ಮ್ಯೂಸಿಯಂ ಮಾಡ್ಯಾರ, ಹೆಸರು ಹಾಕೂದಿಲ್ಲ. ಹೋಲಿಸಬಾರದು, ಆದ್ರೂ ಮನಸ್ಸು ಬಿಡವಲ್ದು. ಅಲ್ಲಿ ಕೆಲಸ ಸಣ್ಣದಲ್ಲ ಮತ್ತ, ಅದನ್ನ ಮೊದಲ ಹೇಳ್ತೀನಿ. ಕರಾವಳಿಯೊಳಗ ವರ್ಷಕ್ಕ 3000 ಮಿಲಿಮೀಟರ್ ದಾಟಿ ಮಳಿ ಬೀಳತೈತಿ, ಕುಂದಗೋಳದ ಕಡೆ ಅದರ ಕಾಲುಭಾಗ ಬಿದ್ರ ಭಾಳ ಆತು. ಸಮುದ್ರದ ಗಾಳಿಯೊಳಗಿನ ಉಪ್ಪು ಮೊಳಿ, ತಿರುಗಣಿ, ಬೀಗ ಏನನ್ನೂ ಬಿಡೂದಿಲ್ಲ, ತಿಂದುಬಿಡ್ತೈತಿ. ಮೊಳಿ ತುಕ್ಕು ಹಿಡದು ಉಬ್ಬಿದ್ರ ಅದರ ಸುತ್ತಿನ ಕಟಗೀನೂ ಸೀಳತೈತಿ. ಪ್ರತಿ ಮಳಿಗಾಲಕ್ಕ ಮುಂಚೆ ಒಡದ ಹಂಚು ಬದಲಿ ಮಾಡಬೇಕು, ಒಂದ ಹಂಚು ಸರದ್ರೂ ಕೆಳಗಿನ ಪಕಾಸಿ ಹೋತು. ಅಲ್ಲಿ ಕೆಲಸ ಮಾಡೂ ಒಬ್ಬ ಅಮ್ಮ ನಮಗ ಗೇರುಬೀಜದ ಸಿಪ್ಪಿ ಎಣ್ಣಿ ಹಚ್ಚಿದ ತೊಲಿ ತೋರಿಸಿದ್ರು, ಗೆದ್ದಲ ಹತ್ತಬಾರದಂತ ಅಲ್ಲಿಯವರು ಹಚ್ಚೂದು ಅದನ್ನ. ದೊಡ್ಡಪ್ಪ ಅದನ್ನ ಮೂಸಿ ನೋಡಿ ಎಷ್ಟು ಖುಷಿ ಆದ್ರು ಅಂದ್ರ ಬೀಚಿಗೆ ಹೋಗೂದ ಬ್ಯಾಡ ಅಂದ್ರು.

ಅಷ್ಟ ಚಂದ. ಉಳಿದದ್ದು ಪೂರಾ ಹಗ್ಗ. ಎಲ್ಲಿ ನೋಡಿದ್ರೂ ಹಗ್ಗ ಕಟ್ಟಿ "ಮುಟ್ಟಬೇಡಿ". ತೊಟ್ಲ ಗಾಜಿನೊಳಗ, ಬೀಸೂ ಕಲ್ಲು ಗಾಜಿನೊಳಗ. ನನ್ನ ಮಗಳು ಕೇಳಿದಳು "ಪಪ್ಪಾ, ಇಲ್ಲೆ ಯಾರೂ ಊಟ ಮಾಡೂದಿಲ್ಲೇನು" ಅಂತ. ಸಂಜಿಗೆ ಊರವರ ಭಜನಿ ಕಾರ್ಯಕ್ರಮ ಐತಿ ಅಂತ ಬೋರ್ಡ್ ಹಾಕಿದ್ರು, ಅದಕ್ಕಂತನ ನಾವು ಮೂರು ತಾಸು ಕಾದ್ವಿ, ಐದೂವರಿಗೆ ಒಬ್ಬ ಹುಡುಗ ಬಂದು ಬೋರ್ಡ್ ಎತ್ತಿಕೊಂಡು ಒಳಗ ಹೋದ, ಅದು ಹಿಂದಿನ ತಿಂಗಳದ್ದಂತ. ಸ್ಪೀಕರ್‌ನಾಗ ಮಾತ್ರ ಒಂದ ಕೊಳಲು ಸುತ್ತಿ ಸುತ್ತಿ ಬರ್ತಿತ್ತು. ಆದ್ರ ನನಗ ಮರೀಲಿಕ್ಕಾಗದ್ದು ಬ್ಯಾರೆ. ಹಿಂದಿನ ಜಗಲಿಯೊಳಗ ಒಂದು ಒಂಟಿ ಕಂಬ ನಿಲ್ಲಿಸಿದ್ರು, ಮ್ಯಾಲೆ ಏನೂ ಭಾರ ಇಲ್ಲ, ಸುಮ್ನ ಶೋಕ್ಕ. ದೊಡ್ಡಪ್ಪ ಅದರ ಬೋದಿಗಿ, ಅಂದ್ರ ಕಂಬದ ತಲಿ ಮ್ಯಾಲಿನ ಕಟಗಿ, ನೋಡಿ ಅಲ್ಲೇ ನಿಂತ್ರು. "ಇದು ಈ ಕಡೇದಲ್ಲ. ನಮ್ಮ ಕಡೆ ಕೈ ಇದು" ಅಂದ್ರು. ಚೀಟಿಯೊಳಗ ಬರದದ್ದು "ಹಳೆಯ ಸಾಗವಾನಿ ಕಂಬ" ಇಷ್ಟ. ಯಾವ ಊರು, ಯಾರ ಮನಿ, ಏನೂ ಇಲ್ಲ. ಕೇಳಿದ್ರ ಅವರಿಗೂ ಗೊತ್ತಿಲ್ಲ, ವ್ಯಾಪಾರಿ ಕಡೆಯಿಂದ ತಗೊಂಡಿದ್ರಂತ.

ಅವತ್ತ ರಾತ್ರಿ ಲಾಡ್ಜ್‌ನಾಗ ದೊಡ್ಡಪ್ಪ ಸರಿಯಾಗಿ ಉಣ್ಲಿಲ್ಲ. ನಮಗೆಲ್ಲಾ ಗೊತ್ತಿತ್ತು ಯಾಕಂತ. ಗದಗ ಜಿಲ್ಲಾದಾಗ ನಮ್ಮ ಹಳ್ಳಿ ಮನಿ ಇತ್ತು, ವಾಡೆ ಅಲ್ಲ, ಸಾದಾ ಮ್ಯಾಳಗಿ ಮನಿ. ಕಂಬ, ತೊಲಿ, ಜಂತಿ, ಅದರ ಮ್ಯಾಲೆ ಬೇವಿನ ಸೊಪ್ಪು ಹಾಸಿ ಮಣ್ಣು. ವರ್ಷಾ ಮಳಿಗಾಲಕ್ಕ ಮುಂಚೆ ಮ್ಯಾಲೆ ಸವಳ ಮಣ್ಣು ಹಾಕಿ ತುಳೀತಿದ್ರು, ಆ ಮಣ್ಣು ನೀರು ಕೆಳಗ ಬಿಡೂದಿಲ್ಲ, ಹುಲ್ಲೂ ಬೆಳೀಗೊಡೂದಿಲ್ಲ. ಎಲ್ಲಾರೂ ಹುಬ್ಬಳ್ಳಿಗೆ ಬಂದ ಮ್ಯಾಲೆ ಕೀಲಿ ಹಾಕಿದ್ವಿ. ಜ್ವಾಕಿಯಿಂದ ಕೀಲಿ ಹಾಕಿ ಇಟ್ರ ಉಳೀತೈತಿ ಅಂತ ತಿಳಕೊಂಡಿದ್ವಿ ನೋಡ್ರಿ, ಅದ ತಪ್ಪಾತು. ಒಲಿ ಹೊತ್ತಲಿಲ್ಲ, ಒಲಿ ಹೊಗಿ ಇಲ್ಲಂದ್ರ ಜಂತಿಗೆ ಹುಳ ಹತ್ತತಾವು. ಮ್ಯಾಲೆ ಮಣ್ಣು ಯಾರೂ ಹಾಕಲಿಲ್ಲ, ಇಲಿ ತೂತು ಯಾರೂ ಮುಚ್ಚಲಿಲ್ಲ, ಒಂದ ಕಡೆ ಸೋರಿದ ನೀರು ಒಂದು ಜಂತಿ ಕೊಳಿಸ್ತು, ಅದು ಪಕ್ಕದ್ದನ್ನ ಎಳೀತು. ನಾಲ್ಕನೇ ಮಳಿಗಾಲಕ್ಕ ಪಡಸಾಲಿ ಕುಂತಬಿಡ್ತು. ಉಳದ ಕಂಬ ಬೋದಿಗಿ ಒಬ್ಬ ಮೋಡಕಾ ವ್ಯಾಪಾರಿ ಟೆಂಪೋದಾಗ ಹೇರಿಕೊಂಡು ಹೋದ. ಎಷ್ಟಕ್ಕ ಅಂತ ಕೇಳಬ್ಯಾಡ್ರಿ, ಹೇಳಾಕ ನಾಚಿಕಿ ಬರ್ತದ. ಕರಾವಳಿಯಾಗ ನೋಡಿದ ಕಂಬ ನಮ್ಮದ ಅಂತ ನಾನು ಹೇಳೂದಿಲ್ಲ, ದೊಡ್ಡಪ್ಪನೂ ಹೇಳಲಿಲ್ಲ. ನಮ್ಮದಿದ್ರೂ ನಾವು ಏನಂತ ಕೇಳಬೇಕಿತ್ತು?

ಈಗ ಕುಂದಗೋಳಕ್ಕ ತಿರುಗಿ ಬರ್ತೀನಿ.

ಸಂಗೀತ ಶುರು ಆತು. ಎರಡು ತಂಬೂರಿ ಶ್ರುತಿ ಮಾಡಾಕನ ಒಂದೀಟು ಹೊತ್ತು ಹೋತು, ಸಭಾಭವನದಾಗ ಆಗಿದ್ರ ಜನ ಮೊಬೈಲ್ ತಗೀತಿದ್ರು, ಇಲ್ಲೆ ಎಲ್ಲಾರೂ ಅದನ್ನೂ ಕಾರ್ಯಕ್ರಮದ ಭಾಗ ಅನ್ನೂಹಂಗ ಸುಮ್ನ ಕೇಳ್ಕೋತ ಕುಂತ್ರು. ದೊಡ್ಡಪ್ಪ ಅಂತೂ ತಂತಿ ಬಿಗಿ ಮಾಡೂದನ್ನ ಕಣ್ಣು ಪಿಳುಕಿಸದ ನೋಡಿದ್ರು, ಕಟಗಿ ಬಡದು ಕೇಳೂ ಮನಷ್ಯಾಗ ಅದು ತನ್ನ ಕೆಲಸ ಅನ್ನಿಸಿರಬೇಕು. ಕಿರಾಣಾದವರು ಅವಸರ ಮಾಡೂದಿಲ್ಲ, ಒಂದು ಸ್ವರ ಹಿಡದು ಅದರ ಸುತ್ತ ತಿರುಗಿ, ಬಿಟ್ಟು, ಮತ್ತ ಬಂದು, ಹಂಗ ಮುಂದಿನದಕ್ಕ ಹೋಗ್ತಾರ. ಸಿಮೆಂಟ್ ಹಾಲ್‌ನಾಗ ಇದನ್ನ ಕೇಳಿದ್ರ ಮೈಕಿನ ಗುಂಯ್ ಗುಂಯ್ ಒಳಗ ಅರ್ಧ ಕಳೀತೈತಿ. ಇಲ್ಲೆ ಗ್ವಾಡಿ, ಕಟಗಿ, ಜಮಖಾನಿ, ಮಂದಿ ಎಲ್ಲಾ ಸೇರಿ ಆ ಗುಂಯ್ಗುಡೂದನ್ನ ಕುಡದುಬಿಡ್ತಾವು, ಉಳಿಯೂದು ಧ್ವನಿ ಒಂದ. ಗಾಯಕರು ಉಸರ ತಗೊಳ್ಳೂದು ಸುದ್ದಾ ನಮಗ ಕೇಳ್ತಿತ್ತು. ನಡುರಾತ್ರಿ ದಾಟಿ ಮಾಲಕಂಸ ರಾಗ ಹಾಡೂ ಹೊತ್ತಿಗೆ ನನ್ನ ಬೆನ್ನಿಗಿದ್ದ ಕಂಬದಾಗ ತಬಲಾದ ಡಗ್ಗಾ ಸಣ್ಣಗ ನಡುಗೂದು ಗೊತ್ತಾತು, ಕಿವಿಗೆ ಅಲ್ಲ, ಬೆನ್ನಿಗೆ.

ಮಂದಿ ಬಗ್ಗೆ ಎರಡು ಮಾತು. ನನ್ನ ಎಡಕ್ಕ ಒಬ್ಬ ರೈತ, ಹೆಗಲ ಮ್ಯಾಲೆ ಟವೆಲ್, ಸಮಕ್ಕ, ಅಂದ್ರ ತಾಳದ ಮೊದಲ ಪೆಟ್ಟಿಗೆ, ಬರೂ ಹೊತ್ತಿಗೆ ಸರಿಯಾಗಿ ತೊಡಿ ಮ್ಯಾಲೆ ಕೈ ಬೀಳ್ತಿತ್ತು ಅವ್ರದ್ದು, ಒಮ್ಮೀನೂ ತಪ್ಪಲಿಲ್ಲ. ಬಲಕ್ಕ ಧಾರವಾಡದಿಂದ ಬಂದಿದ್ದ ಕಾಲೇಜು ಹುಡುಗ್ಯಾರು ನಾಕು ಮಂದಿ ಒಂದ ಶಾಲಿನೊಳಗ. ಹಿಂದ ಯಾರದೋ ಮನಿ ಕೂಸು ನಿದ್ದಿ ಹೋಗಿತ್ತು. ಇವರೆಲ್ಲಾ ವಾಡೆ ನೋಡಾಕ ಬಂದವರಲ್ಲ, ಹೆರಿಟೇಜ್ ಅನ್ನೂ ಶಬ್ದ ಯಾರ ಬಾಯಾಗೂ ಕೇಳಲಿಲ್ಲ. ಆದ್ರ ಇವರು ವರ್ಷಾ ಬರ್ತಾರಂದ ಮ್ಯಾಲೆ ವರ್ಷಾ ಕಸ ಹೊಡೀಬೇಕು, ಜೇಡರ ಬಲಿ ತಗೀಬೇಕು, ಎಲ್ಲಿ ಸೋರ್ತದ ನೋಡಬೇಕು, ಸುಣ್ಣ ಹಚ್ಚಬೇಕು. ದೊಡ್ಡಪ್ಪ ಚಹಾದ ಹೊತ್ತಿನಾಗ ಅಂದ್ರು, "ಮದುವಿ ಮನಿ ಯಾವತ್ತೂ ಬೀಳೂದಿಲ್ಲ ನೋಡು. ಬೀಗರು ಬರ್ತಾರ ಅನ್ನೂ ಹೆದರಿಕಿಗೆ ಮಂದಿ ರಿಪೇರಿ ಮಾಡ್ತಾರ." ನಾನು ಹಳೇ ಕಟ್ಟಡದ ಬಗ್ಗೆ ಎಷ್ಟು ಭಾಷಣ ಕೇಳೀನಿ, ಇಷ್ಟು ಸರಳಾಗಿ ಯಾರೂ ಹೇಳಿರಲಿಲ್ಲ.

ಆ ಚಹಾದ ಜೊತಿಗೆ ಅವರು ನನಗೊಂದು ಪಾಠಾನೂ ಮಾಡಿದ್ರು, ಹಳೇ ಮನಿ ಇದ್ದವರಿಗೆ ಉಪಯೋಗ ಆಗತೈತಿ ಅಂತ ಹಾಕ್ತೀನಿ. ಮಣ್ಣಿನ ಗ್ವಾಡಿಗೆ ಸಿಮೆಂಟ್ ಗಿಲಾವು ಮಾಡಬ್ಯಾಡ್ರಿ, ಒಳಗಿನ ಹಸಿ ಹೊರಗ ಬರಾಕ ದಾರಿ ಇಲ್ಲದ ಗ್ವಾಡಿ ಒಳಗಿಂದೊಳಗ ಕರಗತೈತಿ, ಹೊರಗ ನೋಡಾಕ ಚಂದ, ಒಂದಿನ ಸಿಮೆಂಟ್ ಹಾಳಿ ಹಾಳಿ ಎದ್ದು ಬರ್ತೈತಿ. ಸುಣ್ಣ ಆದ್ರ ಉಸರಾಡತೈತಿ. ಕಂಬದ ಬುಡದ ಕಲ್ಲು ಮುಚ್ಚೂಹಂಗ ಟೈಲ್ಸ್ ಹಾಕಿ ನೆಲ ಏರಿಸಬ್ಯಾಡ್ರಿ, ಆ ಕಲ್ಲು ಇಟ್ಟಿದ್ದ ನೆಲದ ಹಸಿ ಕಟಗಿಗೆ ಏರಬಾರದಂತ. ಮತ್ತ ನಮ್ಮ ಎರಿ ಮಣ್ಣು, ಮಳಿಗೆ ಉಬ್ಬತೈತಿ, ಬ್ಯಾಸಿಗೀಗೆ ಬಿರೀತೈತಿ, ಬುನಾದಿ ಹತ್ರ ನೀರು ನಿಂತ್ರ ಗ್ವಾಡಿ ಸೀಳೂದು ಗ್ಯಾರಂಟಿ, ಹಿಂಗಾಗಿ ಮೊದಲ ಗಟಾರ ನೋಡ್ರಿ, ಆಮ್ಯಾಲೆ ಬಣ್ಣ. ಹಂಚಿನ ವಿಷಯಕ್ಕ ಬಂದ್ರ, ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರು 1837ರಾಗ ಧಾರವಾಡಕ್ಕ ಬಂದವರು, ಮಂಗಳೂರಾಗ 1865ಕ್ಕ ಹಂಚಿನ ಕಾರ್ಖಾನಿ ಹಾಕಿದ್ರು, ಆ ಮಾದರಿ ಹಂಚು ಇವತ್ತೂ ಧಾರವಾಡ ಮಾಳಮಡ್ಡಿ ಕಡೆ ಹಳೇ ಮನಿ ಮ್ಯಾಲೆ ಕಾಣಿಸ್ತಾವು, ಇದು ದೊಡ್ಡಪ್ಪ ಹೇಳಿದ್ದಲ್ಲ, ನಾನು ಸೇರಿಸಿದ್ದು, ಅವರು "ಹಂಚು ನನ್ನ ಕೆಲಸ ಅಲ್ಲ" ಅಂದುಬಿಟ್ರು.

ರೇಟಿಂಗ್: 5ಕ್ಕ 4.5. ಅರ್ಧ ಕಟ್ ಮಾಡಿದ್ದು ವಾಡೇಕ್ಕ ಅಲ್ಲ, ನಮ್ಮಂಥ ಕೇಳೂ ಮಂದಿಗೆ. ಬೆಳಗಿನ ಜಾವ ಲಲಿತ ರಾಗ ಹಾಡ್ಲಿಕ್ಕತ್ತಾಗ, ಎಲ್ಲಾ ಗಪ್ಪಾಗಿ ಕುಂತಾಗ, ಯಾರದೋ ಕಿಸೆಯೊಳಗ ಆಲಾರ್ಮ್ ಹೊಡೀತು, ಆ ಪುಣ್ಯಾತ್ಮ ಅದನ್ನ ಬಂದ್ ಮಾಡ್ಲಿಕ್ಕೆ ಹುಡುಕಿದ್ದ ಒಂದು ನಿಮಿಷ. ಇನ್ನೊಬ್ಬ ಫ್ಲ್ಯಾಶ್ ಹಾಕಿ ಹಾಕಿ ವಿಡಿಯೋ. ಮತ್ತೊಬ್ಬ ತಂದ ಬ್ಯಾಗ್ ತೂಗಹಾಕಾಕ ಕಂಬದಾಗ ಗೂಟ ಹುಡುಕ್ಲಿಕ್ಕತ್ತಿದ್ದ, ದೊಡ್ಡಪ್ಪ ಅವನನ್ನ ನೋಡಿದ ನೋಟಕ್ಕ ಬ್ಯಾಗ್ ತೊಡಿ ಮ್ಯಾಲೆ ಇಟ್ಟುಕೊಂಡ, ಮುಂಜಾನಿತನಕ ಎತ್ತಲಿಲ್ಲ.

ಹೋಗವರಿಗೆ: ತಾರೀಖು ಪೇಪರ್‌ನಾಗ ನೋಡಿ ಖಾತ್ರಿ ಮಾಡ್ಕೊಳ್ರಿ, ಸಪ್ಟೆಂಬರ್ ಸುಮಾರಿಗೆ. ಉಳಿದ ದಿನ ಹೋದ್ರ ಅದು ಮಂದಿ ಮನಿ ಅನ್ನೂದು ನೆನಪಿಟ್ಟು, ಬಾಗಲದಾಗ ಕೇಳಿ ಒಳಗ ಹೋಗ್ರಿ. ನೆಲಕ್ಕ ಕೂಡೂದು, ಮೊಣಕಾಲ ನೋವಿದ್ದವರು ದಿಂಬು ಒಯ್ರಿ, ಕಂಬದ ಹತ್ರ ಜಾಗಾ ಬೇಕಂದ್ರ ಲಗೂ ಹೋಗ್ರಿ. ಹಗಲಿನಾಗ ಹೊತ್ತಿದ್ರ ಊರಾಗ ಶಂಭುಲಿಂಗ ಗುಡಿ ನೋಡ್ರಿ, ಚಾಲುಕ್ಯರ ಕಾಲದ್ದು, ಕಂಬದ ಹುಚ್ಚು ಇದ್ದವರಿಗೆ ಅಲ್ಲೆ ಕಲ್ಲಿನ ಕಂಬ ಅದಾವು. ಹುಬ್ಬಳ್ಳಿಗೆ ಬಂದವರು ದೇಶಪಾಂಡೆ ನಗರದಾಗ ಗಂಗೂಬಾಯಿ ಅವರ ಮನಿ, ಧಾರವಾಡದಾಗ ಮಲ್ಲಿಕಾರ್ಜುನ ಮನಸೂರ ಅವರ ಮನಿ 'ಮೃತ್ಯುಂಜಯ' ಸೇರಿಸಿ ಎರಡು ದಿನದ ತಿರುಗಾಟ ಮಾಡಬಹುದು. ಮಿರ್ಚಿ ಮಂಡಕ್ಕಿ ಬಗ್ಗೆ ಬರಿಯೂದ ಬ್ಯಾಡ, ನಮ್ಮ ಕಡೆ ಎಲ್ಲಿ ಕೆಟ್ಟ ಮಿರ್ಚಿ ಸಿಗತೈತಿ?

ಮುಂಜಾನೆ ಭೈರವಿ ಮುಗದು ಎಲ್ಲಾರೂ ಏಳೂ ಹೊತ್ತಿಗೆ ದೊಡ್ಡಪ್ಪನ ಕಾಲು ಜೋಮು ಹಿಡದಿತ್ತು. ನಾನು ಕೈ ಕೊಟ್ಟೆ, ಬ್ಯಾಡ ಅಂದ್ರು, ಕಂಬ ಹಿಡಕೊಂಡು ಎದ್ರು. ಎದ್ದ ಮ್ಯಾಲೆ ತಮ್ಮ ಟವೆಲ್ ತಗೊಂಡು ತಾವು ಆನಿಕೊಂಡಿದ್ದ ಜಾಗಾ ಒಮ್ಮೆ ಒರಸಿದ್ರು. ಬಸ್‌ನಾಗ ಕುಂತು ಮಲಕೊಂಡ್ರು ಅಂತ ನಾನು ತಿಳಕೊಂಡಿದ್ದೆ, ಶೆರೇವಾಡ ದಾಟಿದ ಮ್ಯಾಲೆ ಕಣ್ಣು ಮುಚ್ಚಿಕೊಂಡ ಅಂದ್ರು, "ತಮ್ಮಾ, ಮುಂದಿನ ವರ್ಷ ಆ ದಿಂಬು ಬ್ಯಾಡ. ನಿಮ್ಮವ್ವನ ಕೌದಿ ತಗೊಂಡು ಬರೂಣು."